ಹದಿನಾಲ್ಕನೇ ಬಾಟಲಿ

ಸಂದರ್ಶನಕ್ಕೆ ಇನ್ನು ಅರ್ಧ ಗಂಟೆಯಿತ್ತು. ಮಧುಶ್ರೀ ಮೊಬೈಲನ್ನು ಗೋಡೆಯ ಗೂಡಿನಲ್ಲಿ ಒರಗಿಸಿ, ಮುಖಕ್ಕೆ ಬೆಳಕು ಬೀಳುವಂತೆ ಸ್ಟೂಲು ಸರಿಸುತ್ತಿದ್ದಳು. ಒಲೆ ಮುಂದೆ ರಾಗಿರೊಟ್ಟಿ ತಟ್ಟುತ್ತಿದ್ದ ತಾಯಿ ಆಂಜಿನಮ್ಮ, ಅವತ್ತು ಕಳಿಸಿದ ನೀರು ಬೆಂಗಳೂರಿನ ಮೇಷ್ಟ್ರಿಗೆ ಹಿಡಿಸಿತಾ ಎಂದು ಕೇಳಿದಳು.

"ಯಾವ ನೀರಮ್ಮ?"

"ಅದೇ, ಬಸ್ಸಾಗೆ ಕಳಿಸಿದ್ನಲ್ಲ. ನಮ್ಮ ಬೋರಿಂದು ಕೊಟ್ರೆ ದೊಡ್ಡೋರು ಏನಂದ್ಕಂತಾರೋ ಅಂತ ಪಕ್ಕದೂರ ಫಿಲ್ಟ್ರಿಗೋಗಿ ತುಂಬ್ಕಂಡ್ ಬಂದೆ ಕಣಮ್ಮ."

ಮಧುಶ್ರೀ ಸರಿಸುತ್ತಿದ್ದ ಸ್ಟೂಲನ್ನು ಅಲ್ಲೇ ಬಿಟ್ಟಳು.

ಮಧುಗಿರಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ ಅವಳು. ಫೆಲೋಶಿಪ್ ಸಿಗುವ ಪಿಎಚ್‌ಡಿಗಾಗಿ ಎರಡು ವರ್ಷದಿಂದ ಕಂಡಕಂಡ ಪ್ರೊಫೆಸರರಿಗೆಲ್ಲ ಪತ್ರ ಬರೆದಿದ್ದಳು. ಹೆಚ್ಚಿನವರು ಉತ್ತರಿಸಲೇ ಇಲ್ಲ. ಕೆಲವರು ಸೀಟುಂಟು, ಫೆಲೋಶಿಪ್ ಇಲ್ಲ ಎಂದರು. ದುಡಿಮೆ ಬಿಟ್ಟು ಐದು ವರ್ಷ ಓದುವ ಅನುಕೂಲ ಅವಳಿಗೆಲ್ಲಿಯದು? ಕೊನೆಗೆ ತಾವಾಗಿಯೇ ಫೋನು ಮಾಡಿದವರು ಬೆಂಗಳೂರಿನ ಪ್ರೊಫೆಸರ್ ನಂದೀಶ್ವರಯ್ಯ ಒಬ್ಬರೇ. ಅವರ ಯೋಜನೆಯಲ್ಲಿ ಒಂದೇ ಒಂದು ಜಾಗವಿತ್ತು; ಇವತ್ತಿನ ಸಂದರ್ಶನ ಅದಕ್ಕೇ.

ಅವರ ಕಣ್ಣಿಗೆ ಬಿದ್ದದ್ದು ಅವಳು ಕಾಲೇಜಿನಲ್ಲಿ ನೀರು ಪರೀಕ್ಷಿಸಿ ಕಳಿಸಿದ್ದ ಪಟ್ಟಿ. ನಿಡುಗಲ್ ಸುತ್ತಿನ ಹದಿನಾಲ್ಕು ಬೋರ್‌ವೆಲ್‌ಗಳ ಪೈಕಿ ಹದಿಮೂರರಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಮಿತಿಮೀರಿತ್ತು. ಅದೇ ಬಗೆಯ ಬಂಡೆನೆಲದಲ್ಲಿ ಕೊರೆದಿದ್ದ ಅವಳೂರಿನ ಬೋರು ಮಾತ್ರ ಶುದ್ಧ. ಇದು ಹೇಗಾಯಿತು ಎಂಬುದನ್ನೇ ಸಂಶೋಧನೆ ಮಾಡೋಣ ಎಂದಿದ್ದರು ಅವರು. ಹದಿಮೂರು ಕಡೆ ಅವಳೇ ಹೋಗಿ ನೀರು ಹಿಡಿದಿದ್ದಳು. ಕಾಲೇಜಿನಲ್ಲಿ ವಿದ್ಯಾರ್ಥಿಗಳ ಪರೀಕ್ಷೆಯ ಕೆಲಸ ಬಿದ್ದದ್ದರಿಂದ ಹದಿನಾಲ್ಕನೆಯದನ್ನು ಮಾತ್ರ, ನಮ್ಮೂರೇ ತಾನೆ ಎಂದು, ಬೆಂಗಳೂರಿನ ಮೇಷ್ಟ್ರಿಗೆ ತೋರಿಸಬೇಕು, ಹಿಡಿದು ಬಸ್ಸಿಗೆ ಹಾಕು ಎಂದು ಹೇಳಿ ತಾಯಿಗೆ ಒಪ್ಪಿಸಿದ್ದಳು. ಹಾಗಾದರೆ ಶುದ್ಧವಾಗಿ ಕಂಡದ್ದು ಊರಿನ ಬೋರಲ್ಲ, ಪಕ್ಕದೂರ ಫಿಲ್ಟರ್ ಘಟಕದಲ್ಲಿ ಸೋಸಿದ ನೀರು.

ನೆಂಟರಿಗೆ ಹೊಸ ತಟ್ಟೆಯಿಟ್ಟು ತಾನು ನೆಗ್ಗಿದ ತಟ್ಟೆಯಲ್ಲಿ ಉಣ್ಣುವ ಹೆಂಗಸು ಆಂಜಿನಮ್ಮ. ದೊಡ್ಡವರ ಕೈಸೇರುವ ಬಾಟಲಿಗೆ ಮನೆಯ ನೀರು ತುಂಬಲು ಅವಳಿಗೆ ಮನಸ್ಸು ಬಂದೀತೆ? ಇದೆಲ್ಲ ಗೊತ್ತಿದ್ದೂ ಮಧುಶ್ರೀಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು.

ತಾಯಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. "ಹೇಳ್ಬ್ಯಾಡ ಬುಡು. ಅವ್ರೇನು ಬಂದು ನೋಡ್ತಾರಾ?" ಎಂದಳು ಮೆಲ್ಲಗೆ.

ನಿಜ, ಯಾರೂ ನೋಡುತ್ತಿರಲಿಲ್ಲ. ಸುಳ್ಳು ಹೊರಬೀಳಲು ಒಂದು ವರ್ಷವಾದರೂ ಹಿಡಿಯುತ್ತಿತ್ತು. ಆದರೆ ಪರದೆಯ ಮೇಲೆ ಮೂರು ಮುಖ ಮೂಡಿ, ನಂದೀಶ್ವರಯ್ಯ ಮೊದಲಿಗೇ ಆ ಬೋರಿನ ಸುದ್ದಿ ಎತ್ತಿದಾಗ ಅವಳ ನಾಲಿಗೆ ಸುಳ್ಳಿಗೆ ಹೊರಳಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದಳು. ಒಬ್ಬರು ನಕ್ಕರು. ಇನ್ನೊಬ್ಬರು ಕಾಗದ ಮಡಚಿಟ್ಟರು.

"ಹಾಗಾದ್ರೆ ನಿಮ್ಮ ಬೋರಿನ ನಿಜವಾದ ಅಂಕಿ?" ನಂದೀಶ್ವರಯ್ಯ ಕೇಳಿದರು.

"ಗೊತ್ತಿಲ್ಲ ಸಾರ್. ಮಿಕ್ಕವುಗಳ ಹಾಗೇ ಇರಬೇಕು."

"ಆ ನೀರು ಯಾರು ಕುಡೀತಾರಮ್ಮ?"

"ನಾವೇ ಸಾರ್. ನಾನು ಹುಟ್ಟಿದಾಗಿಂದ."

ನಂದೀಶ್ವರಯ್ಯ ಏನೋ ಬರೆದುಕೊಂಡರು. ಫಲಿತಾಂಶ ಆಮೇಲೆ ತಿಳಿಸುತ್ತೇವೆ ಎಂದಷ್ಟೇ ಹೇಳಿದರು. ಪರದೆ ಕಪ್ಪಾಯಿತು.

ಆಂಜಿನಮ್ಮ ಬಾಗಿಲಿಗೊರಗಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನನ್ನಿಂದ ಹೋಯ್ತಾ ಎಂದಳು. ಗೊತ್ತಿಲ್ಲಮ್ಮ ಎಂದಳು ಮಗಳು. ಸಿಟ್ಟು ಆಗಲೇ ಇಳಿದಿತ್ತು, ಬರೀ ಸುಸ್ತು ಉಳಿದಿತ್ತು.

ತಾಯಿ ಹೋಗಿ ಒಲೆಯ ಮೇಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿದಳು. ಆಮೇಲೆ ಮೆಲ್ಲಗೆ ಬಾಯಿ ಬಿಟ್ಟಳು.

"ಈ ನೀರ್ನ ಅವ್ರಿಗೆ ಕೊಡಬಾರ್ದು ಅಂತ ಆವತ್ತು ತಟ್ನೆ ತಿಳೀತು ಕಣೇ ನಂಗೆ. ನಿಂಗೆ ಇಷ್ಟ್ ವರ್ಸ ಅದ್ನೇ ಕುಡಿಸ್ಕಂಡ್ ಬಂದ್ನಲ್ಲ."

ಮಗಳ ಮುಂದೆ ರೊಟ್ಟಿಯ ತಟ್ಟೆಯಿಟ್ಟಳು. ಅಭ್ಯಾಸದಂತೆ ಮೂಲೆಗೆ ಹೋಗಿ ಚೊಂಬನ್ನು ಬೋರಿನ ನೀರಿನ ಬಿಂದಿಗೆಯೊಳಗೆ ಅದ್ದಿದಳು. ಚೊಂಬು ತುಂಬಿತು. ಎತ್ತಿ ಕೊಡಲು ಮಾತ್ರ ಅವಳ ಕೈ ಬರಲಿಲ್ಲ.