ತಕ್ಕಡಿ ಹತ್ತದ ಯಜಮಾನ

ಬಾಡಿಗೆಗೆ ಹಾರುವ ಎರಡು ಪುಟ್ಟ ವಿಮಾನಗಳ ಆ ಕಂಪನಿಯಲ್ಲಿ ಮೊದಲಿನಿಂದಲೂ ಒಂದು ಕಟ್ಟುನಿಟ್ಟು: ಸಾಮಾನಿನ ಜೊತೆ ಮನುಷ್ಯರೂ ತಕ್ಕಡಿ ಹತ್ತಬೇಕು. ಕಂಪನಿ ಕಟ್ಟಿದ ಯಜಮಾನ ಮಾತ್ರ ಹತ್ತುತ್ತಿರಲಿಲ್ಲ. ಶುರುವಾದ ವರ್ಷದ ತನ್ನ ತೂಕವನ್ನೇ ಹೇಳಿ, ಹೊಟ್ಟೆ ಎಳೆದುಕೊಂಡು ಒಳಗೆ ಹೋಗುತ್ತಿದ್ದ.

ಅವತ್ತು ಪಕ್ಕದ ಊರಿನಲ್ಲಿ ಕಂಪನಿಯ ಬೆಳ್ಳಿಹಬ್ಬದ ಸಮಾರಂಭ. ಕಂಪನಿಯ ಚರಿತ್ರೆ ಹೇಳಲು ಹೊರಟ ಯಜಮಾನ ಸೀಟಿನಲ್ಲಿ ಕೂತಿದ್ದಾಗ, ಹಮಾಲಿ ಒಂದು ಪೆಟ್ಟಿಗೆ ಕೆಳಗಿಳಿಸಿದ.

"ಅಯ್ಯೋ, ಮದುಮಗಳ ಬಟ್ಟೆ ಅದರಲ್ಲೇ ಇದೆ ಕಣಪ್ಪ!" ಎಂದು ಹಿಂದೆ ಕೂತಿದ್ದ ದರ್ಜಿ ಹೆಂಗಸು ಕೂಗಿಕೊಂಡಳು.

ಯಜಮಾನನಿಗೆ ಪಿತ್ತ ನೆತ್ತಿಗೇರಿತು. "ಹೋದ ಸಲಾನೂ ಇದೇ ಕತೆ! ಜನ ನನ್ನ ಮುಖಕ್ಕೆ ಉಗೀತಾರೆ. ಲೋ, ನಾಳೆಯಿಂದ ನೀನು ಕೆಲಸಕ್ಕೆ ಬರಬೇಡ!"

ವಿಮಾನ ನಡೆಸುವ ಭಾವಮೈದ ತಿರುಗಿದ. "ಅವನನ್ನ ಯಾಕೆ ಬೈತೀರಿ ಭಾವ? ನೀವು ಬಂದಾಗಲೆಲ್ಲ ಒಂದು ಪೆಟ್ಟಿಗೆ ಇಳಿಸು ಅಂತ ನಾನೇ ಹೇಳಿಟ್ಟಿದ್ದೀನಿ. ನೀವು ಹೇಳೋ ತೂಕ ನಂಬಿದ್ರೆ ನಾವು ನೆಲ ಬಿಟ್ಟು ಏಳಲ್ಲ."

"ನನಗೆ ಹೇಳೋಕೇನಾಗಿತ್ತೋ?"

"ಹೇಳಿದ್ರೆ ಮನೆಗೆ ಹೋಗಿ ಅಕ್ಕನ ಮೇಲೆ ಹಾರಾಡ್ತೀರಿ."

ಯಾರೋ ಕಿಸಕ್ಕನೆ ನಕ್ಕರು. ಯಜಮಾನನ ಕಿವಿ ಕಾದವು. ಇದೇ ತಪ್ಪಿಗೆ ತಾನು ಓಡಿಸಿದ್ದ ಹಳೆಯ ಹಮಾಲಿಗಳ ಮುಖಗಳು ಒಂದೊಂದಾಗಿ ಕಣ್ಣೆದುರು ಬಂದವು. ಬೆಲ್ಟು ಬಿಚ್ಚಿ, ಚಿಕ್ಕ ಬಾಗಿಲಲ್ಲಿ ಏದುಸಿರು ಬಿಡುತ್ತ ಇಳಿದು, ಪೆಟ್ಟಿಗೆಯನ್ನು ತಾನೇ ಎತ್ತಿ ಒಳಗಿಟ್ಟ.

"ಸಮಾರಂಭ, ಭಾವ?"

"ಚರಿತ್ರೆ ನೀನೇ ಹೇಳು. ಇದನ್ನೂ ಸೇರಿಸಿ ಹೇಳು."

ವಿಮಾನ ಹೋದ ಮೇಲೆ ಅವನು ತಕ್ಕಡಿ ಹತ್ತಿ ನಿಂತ. ಹಮಾಲಿಯ ಮುಖ ನೋಡಲಾಗದೆ ನೆಲ ನೋಡುತ್ತಲೇ, "ಎಷ್ಟಿದೆ, ಜೋರಾಗಿ ಓದಪ್ಪ," ಎಂದ.