ದ್ವೀಪದ ಬಸ್ಸಿನಲ್ಲಿ ಅಪ್ಪ

ಕಂದು ಬಣ್ಣದ ಎರಡು ಗುಡ್ಡೆಗಳು, ಎಡಗಡೆಯದು ಆಗಾಗ ಕುಣಿಯುತ್ತದೆ — ಅಪ್ಪನ ಪಾದಗಳು, ಮೂವತ್ತೊಂದು ವರ್ಷ ಬಸ್ಸಿನ ಕ್ಲಚ್ ತುಳಿದು ತುಳಿದು ಎಡಗಾಲಿಗೆ ಸುಮ್ಮನಿರುವುದೇ ಮರೆತುಹೋಗಿದೆ, ನಿವೃತ್ತಿಯಾಯಿತು ಎಂದು ಆ ಕಾಲಿಗೆ ಇನ್ನೂ ಯಾರೂ ಹೇಳಿಲ್ಲ. ಬೋರಲು ಮಲಗಿದವಳಿಗೆ ಕಾಣುವ ಲೋಕ ಇಷ್ಟೇ, ನೆಲ, ಪಾದ, ಮತ್ತೆ ನೆಲ. ಎರಡು ಸ್ಟೂಲುಗಳ ಮೇಲೆ ಸ್ಕೂಟರಿನ ಹಳೆಯ ಟ್ಯೂಬು, ಅದಕ್ಕೆ ಅರ್ಧ ಗಾಳಿ, ಸುತ್ತ ಟವೆಲು, ನಡುವಿನ ತೂತಿನಲ್ಲಿ ನನ್ನ ಮುಖ — ಅಪ್ಪನ ಇಂಜಿನಿಯರಿಂಗು ಇದು, ಆಸ್ಪತ್ರೆಯವರು ತೋರಿಸಿದ ದಿಂಬಿಗಿಂತ ಎಷ್ಟೋ ವಾಸಿ, ಹತ್ತು ದಿನದಲ್ಲಿ ಒಮ್ಮೆಯೂ ಕೆನ್ನೆ ನೊಂದಿಲ್ಲ, ಪುಣ್ಯಾತ್ಮ. ಎಡಗಣ್ಣಿನ ಹಿಂದಿನ ಪರದೆ ಹರಿದು ಕಳಚಿಕೊಂಡಿತ್ತು, ಡಾಕ್ಟರು ಅದನ್ನು ಮತ್ತೆ ಅಂಟಿಸಿ ಕಣ್ಣೊಳಗೆ ಒಂದು ಗಾಳಿಗುಳ್ಳೆ ಬಿಟ್ಟಿದ್ದಾರೆ, ಮುಖ ಕೆಳಗೆ ಮಾಡಿಕೊಂಡಿದ್ದರೆ ಗುಳ್ಳೆ ಮೇಲೇರಿ ಪರದೆಯನ್ನು ಒತ್ತಿ ಹಿಡಿಯುತ್ತದಂತೆ, ಊಟಕ್ಕೂ ಸ್ನಾನಕ್ಕೂ ತಲೆ ಬಗ್ಗಿಸಿಯೇ, ನನ್ನನ್ನು ಇಷ್ಟು ವಿನಯವಂತೆಯಾಗಿ ಈ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಇವತ್ತು ಸಂಜೆ ನಾಲ್ಕಕ್ಕೆ ಏಳಬಹುದು. ಎದ್ದ ಮೇಲೆ ಎಷ್ಟು ಕಾಣುತ್ತೆ ಡಾಕ್ಟ್ರೇ, ಅದನ್ನ ನೀವೇ ನಮಗೆ ಹೇಳ್ಬೇಕಮ್ಮ, ಅಂಟಿಕೊಂಡಿದೆ ಅನ್ನೋದಷ್ಟು ನಾವು ಹೇಳಬಹುದು. ಬಲಗಣ್ಣು ಹುಟ್ಟಿನಿಂದಲೂ ಮಂಕು, ಬಣ್ಣ ಬೆಳಕು ಬಿಟ್ಟರೆ ಅದಕ್ಕೆ ಬೇರೇನೂ ತಿಳಿಯದು, ಇಷ್ಟು ವರ್ಷ ಸಂಸಾರ ತೂಗಿಸಿದ್ದೆಲ್ಲ ಎಡಗಣ್ಣೊಂದೇ. ಅಂಗಿ ಕಾರ್ಖಾನೆಯಲ್ಲಿ ಚೆಕ್ಕಿಂಗ್ ಟೇಬಲು ನನ್ನದು, ಕಾಲರು, ಕಂಕುಳು, ಕಾಜ, ತೋಳಿನ ಪಟ್ಟಿ, ಹೊಲಿಗೆ ಎಲ್ಲಿ ತಪ್ಪಿದೆಯೋ ಅಲ್ಲಿ ಕೆಂಪು ಬಾಣದ ಒಂದು ಸ್ಟಿಕರು, ಹದಿನಾಲ್ಕು ವರ್ಷದಿಂದ ಅದೇ, ಹದ್ದಮ್ಮ ಅಂತ ಹೆಸರಿಟ್ಟಿದ್ದಾರೆ ಟೈಲರುಗಳು, ನನ್ನ ಬೆನ್ನ ಹಿಂದೆ ಮಾತ್ರ ಕರೆಯುತ್ತಾರೆ ಅಂದುಕೊಂಡಿದ್ದೆ ನಾನು. ಕಣ್ಣು ಹೋದ ಹದ್ದಿಗೆ ಆ ಟೇಬಲಿನಲ್ಲಿ ಏನು ಕೆಲಸ, ಸೂಪರ್‌ವೈಸರ್ ಮೇಡಂ ಫೋನು ಮಾಡಿ ಆರಾಮಾಗಿ ಬನ್ನಿ ಎಂದಿದ್ದಾರೆ, ಆ ಆರಾಮಾಗಿ ಎಂಬ ಮಾತೇ ನನಗೆ ಮುಳ್ಳು.

ಟಿಕ್, ಟಿಕ್ ಟಿಕ್, ಅಪ್ಪನ ಹೆಬ್ಬೆರಳು ಟೀವಿಗೆ ಹಾಕಿದ ನನ್ನ ವಿಡಿಯೋ ಗೇಮಿನ ಗುಂಡಿಗಳ ಮೇಲೆ. ಎಲ್ಲಿದೀಯಪ್ಪ, ಮೆಟ್ಟಿಲು ಬೀದೀಲಿ, ಯಾವ ಕಡೆ, ಬಟ್ಟೆ ಒಣಗಾಕಿದಾರಲ್ಲ ಆ ಕಡೆ, ಕೆಂಪು ಲಂಗ ಇದೆಯಾ, ಇದೆ, ಅದರ ಪಕ್ಕ ಬೆಕ್ಕು, ಬೆಕ್ಕೂ ಇದೆ ಕಣೆ ಎಲ್ಲಿ ಹೋಗುತ್ತೆ. ಹೌದು, ಎಲ್ಲಿ ಹೋಗುತ್ತದೆ, ಮೂರು ವರ್ಷದಿಂದ ಅದು ಅಲ್ಲೇ ಕೂತು ಕಾಲು ನೆಕ್ಕಿಕೊಳ್ಳುತ್ತಿದೆ, ಆ ಬೀದಿಯಲ್ಲಿ ನನಗೆ ಗೊತ್ತಿರದ ಮೆಟ್ಟಿಲಿಲ್ಲ. ಆಟದಲ್ಲಿ ನಾನು ಒಂದು ದ್ವೀಪದ ಅಂಚೆಯವಳು, ಸೈಕಲ್ ಮೇಲೆ ಹೋಗಿ ಮನೆಮನೆಗೆ ಕಾಗದ ಹಂಚಬೇಕು, ನಾನೋ ಕಾಗದಗಳನ್ನು ಚೀಲದಲ್ಲೇ ಬಿಟ್ಟು ತಿರುಗುವವಳು. ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಒಮ್ಮೆ ಮಾತು ಬಂದಿತ್ತು, ಆಟದೊಳಗಿನ ಜಾಗಕ್ಕೆ ನಿಜವಾಗಿ ಟಿಕೆಟ್ ಕೊಟ್ಟರೆ ಯಾರು ಎಲ್ಲಿಗೆ ಹೋಗುತ್ತೀರಿ ಎಂದು, ಗುಂಡಿ ಹೊಲಿಯುವವಳು ಯಾವುದೋ ಕೋಟೆಯ ಅಡುಗೆಮನೆಗೆ ಹೋಗುತ್ತಾಳಂತೆ, ಅಲ್ಲಿ ಒಲೆ ಆರುವುದೇ ಇಲ್ಲವಂತೆ, ರೊಟ್ಟಿ ಸದಾ ಬಿಸಿಯಂತೆ, ಬೇಯಿಸಿದವರು ಯಾರೆಂದು ಕಾಣಿಸುವುದಿಲ್ಲವಂತೆ, ಅದಕ್ಕೇ ಅವಳಿಗೆ ಇಷ್ಟ, ನಾನಲ್ಲ ತಾನೆ ಬೇಯಿಸ್ಬೇಕಾದ್ದು ಅಂತ. ಕಟಿಂಗ್ ಮಾಸ್ಟರಿಗೆ ಸಮುದ್ರದ ಪಕ್ಕದ ರೇಸಿನ ರಸ್ತೆ, ಅಲ್ಲಿ ಟ್ರಾಫಿಕ್ ಪೊಲೀಸರಿಲ್ಲ. ಇಸ್ತ್ರಿ ಮಾಡುವಾಕೆ ಹಿಮದೂರು ಅಂದಳು, ಇಡೀ ದಿನ ಹಬೆಯಲ್ಲಿ ಬೆಂದವಳು ಇನ್ನೇನು ಕೇಳುತ್ತಾಳೆ. ನಿನಗೆಲ್ಲಿಗೆ ಹದ್ದಮ್ಮ, ಅಂದರು — ಅವತ್ತೇ ಗೊತ್ತಾಗಿದ್ದು ಎದುರಿಗೂ ಕರೆಯುತ್ತಾರೆ ಎಂದು — ಮೆಟ್ಟಿಲು ಬೀದಿ ಅಂದೆ, ಅಲ್ಲೇನಿದೆ, ಏನೂ ಇಲ್ಲ, ಬಟ್ಟೆ ಒಣಗಾಕಿದಾರೆ, ಬೆಕ್ಕಿದೆ. ಎಲ್ಲರೂ ನಕ್ಕರು, ಅಲ್ಲೂ ಹೋಗಿ ಆ ಬಟ್ಟೆಗಳ ಹೊಲಿಗೆ ನೋಡ್ತೀಯ ನೀನು. ನೋಡಿದ್ದೆ, ಕೆಂಪು ಲಂಗಕ್ಕೆ ಹೊಲಿಗೆಯೇ ಇಲ್ಲ, ಆದರೂ ಚಂದ.

ಮೊದಲೆರಡು ದಿನ ಅಪ್ಪ ಪೇಪರು ಓದಿ ಹೇಳಿದ, ಸಾಕು ಅಂದೆ, ಆಟ ಹಾಕು, ನಾನು ದಾರಿ ಹೇಳ್ತೀನಿ ನೀನು ನಡಿ ಅಂದೆ, ಈ ವಯಸ್ಸಲ್ಲಿ ನನಗ್ಯಾಕೆ ಗೊಂಬೆ ಆಟ ಎಂದು ಗೊಣಗಿದ, ಗೊಣಗುತ್ತಲೇ ಕನ್ನಡಕ ಹುಡುಕಿದ. ದೇವರೇ, ಅವನು ನಡೆಯುವ ರೀತಿ — ರಸ್ತೆ ಬಿಟ್ಟು ಹುಲ್ಲಿನ ಮೇಲೆ ಕಾಲಿಡುವುದಿಲ್ಲ, ಅಡ್ಡದಾರಿ ಇದೆ ಕಣಪ್ಪ ಗೋಡೆ ಹಾರು ಅಂದರೆ ಗೋಡೆ ಇರೋದು ಹಾರೋಕಲ್ಲ ಅನ್ನುತ್ತಾನೆ, ತಿರುವಿನಲ್ಲಿ ನಿಂತು ಎರಡೂ ಕಡೆ ನೋಡುತ್ತಾನೆ, ಆ ದ್ವೀಪದಲ್ಲಿ ಇರುವುದೇ ಒಂದು ಬಸ್ಸು, ಎದುರಿಗೆ ಏನು ಬರುತ್ತದೆಂದು ನೋಡುತ್ತಾನೋ. ನಾಲ್ಕನೆಯ ದಿನ ಟಿಕ್‌ಟಿಕ್ ನಿಂತೇಹೋಯಿತು, ಯಾಕಪ್ಪ ಏನಾಯ್ತು, ಬಸ್ಸಿಗೆ ಕಾಯ್ತಿದೀನಿ. ಅದು ನಿಲ್ಲಲ್ಲ ಕಣಪ್ಪ, ಸುಮ್ನೆ ಅಲಂಕಾರಕ್ಕೆ ಬಿಟ್ಟಿದಾರೆ, ನಿಲ್ಲಲ್ಲ ಅಂದ್ರೆ ಏನರ್ಥ, ಬೋರ್ಡ್ ಹಾಕಿದಾರೆ, ಕೆಳಗೆ ಟೈಮಿಂಗ್ ಬರ್ದಿದಾರೆ, ಬರ್ದ ಮೇಲೆ ಬರ್ಲೇಬೇಕು. ಮೂರು ವರ್ಷದಲ್ಲಿ ಆ ಬೋರ್ಡಿನ ಕೆಳಗೆ ನಾನು ಒಂದು ನಿಮಿಷ ನಿಂತಿಲ್ಲ, ಸೈಕಲಿದೆಯಲ್ಲ, ಇಂಥ ಹದ್ದಿನ ಕಣ್ಣಿಗೆ ಆ ಟೈಮಿಂಗ್ ಬಿದ್ದಿಲ್ಲ. ಅಪ್ಪ ಕಾದ. ಏಳು ನಿಮಿಷವೋ ಎಂಟೋ, ಫ್ಯಾನಿನ ಸದ್ದು, ಪಕ್ಕದ ಮನೆಯ ಕುಕ್ಕರಿನ ಕೂಗು, ಅಪ್ಪನ ಎಡಗಾಲು, ಆಮೇಲೆ ಬಸ್ಸಿನ ಗಂಟೆ, ಟಿಣ್, ಬಾಗಿಲು ತೆರೆದ ಸದ್ದು, ಹತ್ತಿದೆ ಕಣೆ ಅಂದ, ಅವನ ದನಿ ಹಾಗೆ ಅರಳಿದ್ದನ್ನು ನಾನು ಕೇಳಿರಲಿಲ್ಲ. ಯಾರಿಗಾಗಿಯೂ ಕಾಯದ ಮನುಷ್ಯ. ನನಗೆ ಒಂಬತ್ತು ವರ್ಷ, ಶಾಲೆಯ ದಾರಿಯ ಬಸ್ಸು ಅಪ್ಪನದೇ, ಶೂ ದಾರ ಬಿಚ್ಚಿ ತಡವಾಗಿತ್ತು, ಚೀಲ ಹೊತ್ತು ಓಡಿದೆ, ಕನ್ನಡಿಯಲ್ಲಿ ಅವನ ಮುಖ ನನಗೆ ಕಂಡಿತು, ನನ್ನ ಮುಖ ಅವನಿಗೆ ಕಂಡಿತು, ಬಸ್ಸು ಹೊರಟಿತು. ಟೈಮ್ ಅಂದ್ರೆ ಟೈಮು, ಡ್ರೈವರ್ ಮಗಳು ಅಂತ ಬಸ್ ನಿಲ್ಲಲ್ಲ ಅಂದ ಸಂಜೆ. ಎಷ್ಟು ವರ್ಷ ಆ ಸಿಟ್ಟನ್ನು ಸಾಕಿದ್ದೆ, ಹಾಲು ಹಾಕಿ ಸಾಕಿದ್ದೆ, ಈಗ ಹುಡುಕಿದರೆ ಸಿಗುತ್ತಿಲ್ಲ, ಎಲ್ಲಿ ಬಿದ್ದುಹೋಯಿತೋ, ಬಹುಶಃ ಅವನು ಐದನೆಯ ದಿನ ನನ್ನ ತಲೆಗೆ ನೀರು ಹಾಕುವಾಗ ಕಣ್ಣಿಗೆ ಹನಿ ಬೀಳದಂತೆ ಹಣೆಗೆ ಅಡ್ಡ ಹಿಡಿದ ಅಂಗೈಯಲ್ಲಿ.

ಎಷ್ಟು ಜನಕ್ಕೆ ಕೈ ಮುಗಿಯಬೇಕು ನಾನು. ಎಲ್ಲೋ ಒಂದು ಕೋಣೆಯಲ್ಲಿ ಕೂತು ಯಾರೋ ಆ ಬಸ್ಸಿಗೆ ವೇಳಾಪಟ್ಟಿ ಬರೆದಿದ್ದಾರೆ, ಯಾರೂ ಹತ್ತದಿದ್ದರೂ ಇರಲಿ ಎಂದು ಗಂಟೆ ಕಟ್ಟಿದ್ದಾರೆ, ಸೀಟು ಹಾಕಿದ್ದಾರೆ, ಬೆಟ್ಟ ಕಡಿದು ರಸ್ತೆ ಮಾಡಿದ್ದಾರೆ, ನೀವು ಯಾರೇ ಆಗಿರಿ ತಾಯಿ, ತಂದೆ, ನಿಮ್ಮ ಹೊಟ್ಟೆ ತಣ್ಣಗಿರಲಿ, ನೀವು ಮಾಡಿದ ಬಸ್ಸಿನಲ್ಲಿ ಕೂತು ನಮ್ಮಪ್ಪ ನನಗೆ ಊರು ತೋರಿಸಿದ. ಎಡಕ್ಕೆ ತಿರುವು, ಕಡಿದಾಗಿದೆ, ಇವನು ಹಾರನ್ ಹೊಡೀಬೇಕಿತ್ತು ಹೊಡೀಲಿಲ್ಲ, ಬಲಗಡೆ ಕಣಿವೆ, ತಡೆಗೋಡೆ ಗಟ್ಟಿಯಾಗಿದೆ, ಕೆಳಗೆ ಸಮುದ್ರ, ಯಾವ ಬಣ್ಣ ಅಪ್ಪ, ನೀಲಿ ಕಣೆ ಸಮುದ್ರ ಇನ್ಯಾವ ಬಣ್ಣ ಇರುತ್ತೆ, ಸ್ವಲ್ಪ ಹಸಿರು, ನಿನ್ನ ಹಳೇ ಯೂನಿಫಾರ್ಮ್ ಥರ. ಅಷ್ಟು ಸಾಕು, ಆ ಬಣ್ಣ ಟ್ಯೂಬಿನೊಳಗೆ ಪೂರ್ತಿ ತುಂಬಿಕೊಂಡಿತು, ಕತ್ತಿಗೆ ನೋವಿದ್ದದ್ದು ಮರೆತೇಹೋಯಿತು. ಆಮೇಲೆ, ಬೆಟ್ಟದ ತುದಿಯಲ್ಲಿ ಸುರಂಗ. ಸುರಂಗ ಬಂತು ಎನ್ನುತ್ತಾನೆ, ಅಲ್ಲಿಗೆ ಮಾತು ನಿಲ್ಲುತ್ತದೆ. ಆ ಕಡೆ ಏನಿದೆ ಅಪ್ಪ — ಎಲ್ಲೋ ಬಸ್ಸು ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ, ಗಾಳಿಯ ಸದ್ದು, ನೀರಿನ ಸದ್ದೂ ಇರಬೇಕು, ಹಕ್ಕಿಯೊಂದು ಕೂಗುತ್ತದೆ, ಬಾಗಿಲು ಮುಚ್ಚುತ್ತದೆ, ಟಿಣ್, ವಾಪಸ್ ಹೊರಟಿತು ಎನ್ನುತ್ತಾನೆ. ದಿನಕ್ಕೆ ಎರಡು ಸಲ, ಮೂರು ಸಲ, ಆರು ದಿನದಿಂದ. ಹೇಳಪ್ಪ ಏನಿತ್ತು ಅಲ್ಲಿ, ನಂಗೆ ವರ್ಣಿಸೋಕೆ ಬರಲ್ಲ ಬಿಡು. ಮೊದಲು ಅಂದುಕೊಂಡೆ ಅಲ್ಲಿ ಏನೂ ಇಲ್ಲ, ಮಾಡಿದವರಿಗೆ ಸಾಕಾಗಿ ಹಾಗೇ ಬಿಟ್ಟಿದ್ದಾರೆ, ಬರೀ ಖಾಲಿ, ಅದನ್ನು ಹೇಳಿದರೆ ನನಗೆ ಬೇಜಾರಾಗುತ್ತದೆಂದು ಮುಚ್ಚಿಡುತ್ತಿದ್ದಾನೆ. ಆಮೇಲೆ ನೆನಪಾಯಿತು, ಆಪರೇಷನ್ನಿನ ಮಾರನೆಯ ದಿನ ಡಾಕ್ಟರು ಅವನನ್ನು ಹೊರಗೆ ಕರೆದಿದ್ದರು, ವಾಪಸ್ ಬಂದವನು ಏನಿಲ್ಲ ಡ್ರಾಪ್ಸ್ ಹಾಕೋ ಟೈಮ್ ಹೇಳಿದ್ರು ಅಂದ, ಆಗಲೂ ಹೀಗೆಯೇ ಮಾತು ನಿಂತಿತ್ತು, ಇದೇ ಸುರಂಗದ ಮೌನ. ಏನೋ ಗೊತ್ತಿದೆ ಅವನಿಗೆ. ಕಾಣೋದಿಲ್ಲ ಎಂದು ಗೊತ್ತಿದೆ. ಕೆಳಗೆ ನೋಡಿದರೆ ಎಡಗಣ್ಣಿನ ಅಂಚಿನಲ್ಲಿ ಏನೋ ಮಿಣುಕುತ್ತದೆ, ನಡುವೆ ಮಾತ್ರ ದುಂಡಗೆ ಬೂದು, ಗುಳ್ಳೆ ಅದು ಎನ್ನುತ್ತಾರೆ, ಗುಳ್ಳೆ ಹೋದ ಮೇಲೂ ಬೂದು ಉಳಿದರೆ — ಉಳಿದರೆ ಉಳಿಯಲಿ, ಬೇರೆ ಕೆಲಸ ಹುಡುಕೋಣ, ಬಟ್ಟೆ ಮಡಿಸಬಹುದು, ಮುಟ್ಟಿ ಹೇಳಬಹುದು ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು, ಸುಳ್ಳು, ಹೇಳಲಾಗುವುದಿಲ್ಲ, ನನಗೆ ಕಣ್ಣು ಬೇಕು, ಬೇಕೇ ಬೇಕು, ಸುರಂಗದ ಆ ಕಡೆ ಏನಿದೆಯೆಂದು ನಾನು ನೋಡಬೇಕು.

ನಾಲ್ಕಾಯ್ತು ಏಳು, ನಿಧಾನ, ಕತ್ತು ತಿರುಗಿಸ್ಬೇಡ. ಅಪ್ಪನ ಕೈ ಬೆನ್ನಿಗೆ, ಮಂಚದ ಅಂಚು, ನೆಲ ತಣ್ಣಗೆ, ತಲೆ ತಿರುಗಿತು, ನಿಂತಿತು. ಒಂದ್ನಿಮಿಷ ಇರಪ್ಪ, ನನ್ನ ಮುಖ ನೋಡ್ತಾ ಕೂರ್ಬೇಡ, ನನಗಾಗಲ್ಲ, ನೀನು ಬಸ್ ಹತ್ತು, ಆಟ ಆಡ್ತಿರು, ನಾನು ನಾನೇ ಕಣ್ಣು ಬಿಡ್ತೀನಿ. ಸರಿ ಅಂದ. ಕುರ್ಚಿ ಎಳೆದು ಪಕ್ಕದಲ್ಲೇ ಕೂತ. ಟಿಣ್. ಎಡಕ್ಕೆ ತಿರುವು, ಎನ್ನುತ್ತಿದ್ದಾನೆ, ನನ್ನ ರೆಪ್ಪೆ ಏಳುತ್ತಿಲ್ಲ, ಬಲಗಡೆ ಕಣಿವೆ, ಏಳಲಿ, ಕೆಳಗೆ ಸಮುದ್ರ, ಎದ್ದಿತು. ಬಾಟಲಿಯಲ್ಲಿ ಅರ್ಧ ನೀರಿದ್ದಂತೆ ಒಂದು ಗೆರೆ, ಗುಳ್ಳೆಯ ಅಂಚು, ತುಳುಕುತ್ತಿದೆ, ಗೆರೆಯ ಕೆಳಗೆ ಕಪ್ಪು, ಮೇಲೆ — ಕಿಟಕಿ. ಕಿಟಕಿಯ ಪರದೆ. ಪರದೆಯ ಮೇಲಂಚು, ಮಡಿಕೆಯ ಹತ್ತಿರ ಹೊಲಿಗೆ ತಪ್ಪಿದೆ, ಒಂದು, ಎರಡು, ಮೂರು ಹೊಲಿಗೆ, ಇಷ್ಟು ವರ್ಷ ಮನೆಯಲ್ಲೇ ಇದ್ದ ತಪ್ಪು, ಅಯ್ಯೋ ನನ್ನ ಕಣ್ಣೇ, ಅಳಬಾರದಂತೆ, ಅಳುತ್ತಿಲ್ಲ, ಗೋಡೆಯ ಮೇಲೆ ಟೀವಿ, ಟೀವಿಯಲ್ಲಿ ಬಸ್ಸಿನ ಮುಂದಿನ ಗಾಜು, ಆ ಹಸಿರು ಬೆರೆತ ನೀಲಿ, ಬೆಟ್ಟ, ಸುರಂಗದ ಬಾಯಿ ದೊಡ್ಡದಾಗುತ್ತಾ ಬರುತ್ತಿದೆ. ಸುರಂಗ ಬಂತು, ಎಂದ ಅಪ್ಪ, ಕಾಣ್ತಿದೆ ಅಪ್ಪ ಎನ್ನಲು ತಿರುಗಿದೆ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದಾನೆ. ನಿದ್ದೆಯಲ್ಲ, ಬಿಗಿಯಾಗಿ, ಕನ್ನಡಕದ ಹಿಂದೆ, ಮದ್ದು ಹಾಕಿಸಿಕೊಳ್ಳುವ ಮಗು ಮುಚ್ಚಿದಂತೆ. ಯಾಕಪ್ಪ ಕಣ್ಣು — ನಿನಗೆ ಕಾಣ್ತಿದ್ರೆ ನೋಡ್ಬಿಟ್ಟು ಹೇಳು, ಆ ಕಡೇನ ನಾನಿನ್ನೂ ನೋಡಿಲ್ಲ, ನೀನು ಬೋರಲು ಬಿದ್ದಿರುವಾಗ ನಾನೊಬ್ನೇ ಹೇಗೆ ನೋಡ್ಲಿ. ಆರು ದಿನ, ದಿನಕ್ಕೆ ಮೂರು ಸಲ, ಮೂವತ್ತೊಂದು ವರ್ಷ ರಸ್ತೆಯ ಮೇಲಿಂದ ಕಣ್ಣು ತೆಗೆಯದ ಮನುಷ್ಯ. ಬಸ್ಸು ಸುರಂಗ ದಾಟಿತು, ಟೀವಿಯ ಬೆಳಕು ಅವನ ಮುಖದ ಮೇಲೆ ಬಿತ್ತು, ಆ ಕಡೆಯ ಬೆಳಕು, ನೀರಿನ ಸದ್ದು, ಹಕ್ಕಿ, ಬಾಗಿಲು ತೆರೆಯಿತು, ಟೀವಿಯ ಕಡೆ ತಿರುಗಿ ನೋಡಬೇಕು, ತಿರುಗಲಾಗುತ್ತಿಲ್ಲ, ರೆಪ್ಪೆಯ ಪ್ರತಿ ಸುಕ್ಕೂ ಕಾಣುತ್ತಿದೆ, ಕಾಣ್ತಿದೆಯೇನೇ, ಎನ್ನುತ್ತಿದ್ದಾನೆ, ಕಣ್ಣು ಬಿಡದೆ, ಅಪ್ಪನ ಮುಚ್ಚಿದ ಕಣ್ಣು, ಕಾಣ್ತಿದೆಯಾ, ಅಪ್ಪನ ಮುಚ್ಚಿದ ಎರಡು ಕಣ್ಣು