ನಾಲ್ಕು ಬೆರಳು ಕೆಳಗೆ

ಹೋಟೆಲಿನ ಮುಂಗೋಣೆಯಲ್ಲಿ ಎರಡು ಬೆಂಚು ಜೋಡಿಸಿ, ಹೆಂಡತಿ ವಾಲ್‌ಪೇಪರಿನ ಹಾಳೆಗಳಿಗೆ ಅಂಟು ಬಳಿಯುತ್ತಿದ್ದಳು. ಗಂಡ ಏಣಿಯ ಮೇಲೆ ನಿಂತು ಒಂದೊಂದಾಗಿ ಗೋಡೆಗೆ ಹಚ್ಚುತ್ತಿದ್ದ. ಮೂವತ್ತು ವರ್ಷದ ಕೆಲಸ. ಅವನು ಹಚ್ಚಿದ ಗೋಡೆಯಲ್ಲಿ ಜಾಯಿಂಟ್ ಹುಡುಕಿದವರು ಕಣ್ಣು ನೋಯಿಸಿಕೊಂಡರೇ ಹೊರತು ಜಾಯಿಂಟ್ ಸಿಕ್ಕಿದ್ದಿಲ್ಲ. ಆ ಜಂಬ ಅವನಿಗೆ ಬೇಕಾದಷ್ಟಿತ್ತು.

ಇವತ್ತಿನ ಹಾಳೆ ಕಡು ನೀಲಿ. ಮೇಲೆ ಹಳದಿ ತ್ರಿಕೋನ, ಕೆಂಪು ಪಟ್ಟೆ. ಈ ಚಿತ್ತಾರ ಬರೆದವಳು ಆಫ್ರಿಕಾ ಮೂಲದ ಕಲಾವಿದೆ.

"ಇಲ್ಲಿ ನೋಡ್ರೀ, ಹಾಳೆ ಹಿಂದೆ ಬರ್ದಿದೆ. ಒಂದು ಬಿಟ್ಟು ಒಂದು ಹಾಳೆ ನಾಲ್ಕು ಬೆರಳು ಇಳಿಸಿ ಹಚ್ಚಬೇಕಂತೆ," ಎಂದಳು ಹೆಂಡತಿ.

"ಬೆರಳಂತೆ ಬೆರಳು. ಆ ಕಡೆಯವರಿಗೆ ಅಳತೆ ಗಿಳತೆ ಎಲ್ಲಿಂದ ಬರ್ಬೇಕು? ನೀನು ಅಂಟು ಹಚ್ಚು." ಅವನು ತ್ರಿಕೋನಕ್ಕೆ ತ್ರಿಕೋನ ಸರಿಯಾಗಿ ಕೂಡಿಸುತ್ತಾ ಹೋದ.

ಗೋಡೆ ಮುಗಿಯುವ ಹೊತ್ತಿಗೆ ಕಲಾವಿದೆ ಬಂದಳು. ನೋಡಿದವಳು ಬಾಗಿಲಲ್ಲೇ ನಿಂತಳು.

"ಯಾರು ಹೀಗೆ ಕೂಡಿಸಿದ್ದು?"

"ನಾನೇ ಕಣಮ್ಮ. ನೀನು ಬರೆದಿದ್ದು ಎಡವಟ್ಟಾಗಿತ್ತು, ಸರಿ ಮಾಡ್ದೆ."

"ಎಡವಟ್ಟಲ್ಲಣ್ಣ. ನಮ್ಮ ತಾತ ಅಂಗೈಯಗಲದ ಪಟ್ಟಿ ನೇಯ್ತಿದ್ರು. ಅಂಥ ಪಟ್ಟಿಗಳನ್ನ ಸೇರಿಸಿ ಹೊಲಿದ್ರೆ ಒಂದು ಬಟ್ಟೆ. ಒಂದರ ಚಿತ್ತಾರ ಪಕ್ಕದ ಪಟ್ಟಿದಕ್ಕೆ ಕೂಡಬಾರದು ಅಂತ್ಲೇ ಎಳೆ ಎಣಿಸಿ ನೇಯೋರು. ಒಂದೆಳೆ ತಪ್ಪಿದ್ರೆ ಬಿಚ್ಚೋರು. ಆ ನಾಲ್ಕು ಬೆರಳಿಗಾಗಿ ನಾನು ಒಂದು ವರ್ಷ ಕೂತಿದ್ದೀನಿ." ಅವಳು ಸಿಟ್ಟಿನಿಂದ ಗೋಡೆಯ ಹತ್ತಿರ ಬಂದಳು. "ಹಿಂದೆ ಬರೆದಿದ್ದು ಓದ್ಲಿಲ್ವಾ?"

"ನಾನು ಓದಿ ಹೇಳ್ದೆ," ಎಂದಳು ಹೆಂಡತಿ. "ರೀ, ದೊಡ್ಡ ಕಂಪನಿಯವ್ರು ಹಾಗೆ ಬರೆದಿದ್ರೆ ನೀವು ಬದಲಾಯಿಸ್ತಿದ್ರಾ?"

ಬದಲಾಯಿಸುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಹೋಟೆಲ್ ಮಾಲೀಕರು ಬಂದರು. "ಈಗ ನೀಟಾಗಿದೆ. ಸ್ಯಾಂಪಲ್ ನೋಡಿದಾಗ ಸ್ವಲ್ಪ ಕಾಡುಕಾಡು ಅನ್ನಿಸಿತ್ತು."

"ಹೀಗೇ ಇರೋದಾದ್ರೆ ಇದರ ಮೇಲೆ ನನ್ನ ಹೆಸರು ಬೇಡ," ಎಂದಳು ಕಲಾವಿದೆ.

"ಹಟ ಯಾಕೆ ಮೇಡಂ? ನಾಳೆ ಓಪನಿಂಗ್. ಬಂದವ್ರು ನಿಮ್ಮನ್ನ ಕೇಳಲ್ಲ, ಜಾಯಿಂಟ್ ಯಾಕೆ ತಪ್ಪಿದೆ ಅಂತ ನನ್ನನ್ನ ಕೇಳ್ತಾರೆ. ನನ್ನ ಕಷ್ಟಾನೂ ನೋಡಿ."

"ಅವ್ರನ್ನ ನನ್ನ ಹತ್ರ ಕಳ್ಸಿ," ಎಂದ ಗಂಡ, ಏಣಿ ಹತ್ತುತ್ತಾ. ಅಂಟು ಇನ್ನೂ ಹಸಿಯಾಗಿತ್ತು. ಎರಡನೆಯ ಹಾಳೆಯ ತುದಿಗೆ ಉಗುರು ಹಾಕಿ ಎಳೆದ. ಅದು ಉದ್ದಕ್ಕೂ ಕಿತ್ತುಕೊಂಡು ನೆಲಕ್ಕೆ ಬಿತ್ತು.

"ಏನಯ್ಯ ಮಾಡ್ತಿದ್ದೀಯಾ? ಇಳಿ ಕೆಳಗೆ. ಬೇರೆಯವನನ್ನ ಕರೆಸ್ತೀನಿ."

"ಧಾರಾಳವಾಗಿ ಕರೆಸಿ. ಅವನು ಬರೋಷ್ಟರಲ್ಲಿ ಉಳಿದಿದ್ದೂ ಕಿತ್ತಿರ್ತೀನಿ. ಜಾಯಿಂಟ್ ವಿಷಯದಲ್ಲಿ ಈ ಊರಲ್ಲಿ ನನಗಿಂತ ಗೊತ್ತಿರೋನು ಯಾರಿದ್ದಾನೆ, ವಿಚಾರಿಸಿ. ನಾನೇ ಹೇಳ್ತಿದ್ದೀನಿ, ಈ ಹುಡುಗಿ ಲೆಕ್ಕ ಸರಿಯಾಗಿದೆ. ಸೊಟ್ಟಗಿದ್ದಿದ್ದು ನನ್ನ ಬುದ್ಧಿ."

ಮಾಲೀಕರು ಫೋನ್ ಹಿಡಿದು ನಿಂತರು; ಯಾರಿಗೂ ಮಾಡಲಿಲ್ಲ. ಹೆಂಡತಿ ಆಗಲೇ ಮಿಕ್ಕ ಸುರುಳಿ ಬಿಚ್ಚಿ ಬೆಂಚಿನ ಮೇಲೆ ಹಾಸಿದ್ದಳು.

"ಬಾಮ್ಮ ಇಲ್ಲಿ," ಎಂದು ಗಂಡ ಏಣಿ ಇಳಿದು ಕಲಾವಿದೆಯನ್ನು ಕರೆದ. "ನಾಲ್ಕು ಬೆರಳು ಅಂದ್ಯಲ್ಲ, ಯಾರ ಬೆರಳು?"

"ನಮ್ಮ ತಾತಂದು. ನನ್ನ ಕೈಯೂ ಅಷ್ಟೇ ಇದೆ."

"ಹಾಗಾದ್ರೆ ನೀನೇ ಏಣಿ ಹತ್ತು."

ಅವಳು ಹತ್ತಿ, ಮೊದಲ ಹಾಳೆಯ ತ್ರಿಕೋನದ ಪಕ್ಕದಲ್ಲಿ ಬರಿಗೋಡೆಗೆ ಬೆರಳು ಅಡ್ಡಲಾಗಿ ಒತ್ತಿ ಹಿಡಿದಳು. ಅವನು ಪಕ್ಕಕ್ಕೆ ಒಂದು ಸ್ಟೂಲ್ ಎಳೆದು ಹತ್ತಿ, ಅವಳ ಕಿರುಬೆರಳಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದ.